ಎಡಗಡೆಯ ಸಪ್ಪಳ

ಅತ್ತೆಯ ಸುಣ್ಣದ ಡಬ್ಬಿ ಈ ಮನೆಯಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ತೀರಿಕೊಂಡು ಎಂಟು ತಿಂಗಳಾದ ಮೇಲೆ, ಹೋದ ವಾರ, ಅವರ ಕಪಾಟು ಖಾಲಿ ಮಾಡಲು ಕುಳಿತಿದ್ದೆ. ಮಡಚಿಟ್ಟ ಸ್ವೆಟರಿನ ಕೆಳಗೆ, ಮೂಲೆಯಲ್ಲಿ, ಅದು ಕೈಗೆ ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆಯ ಡಬ್ಬಿ, ಒಂದು ಬದಿ ಜಜ್ಜಿತ್ತು. ಅದನ್ನು ಹೊಳೆಗೆ ಬಿಟ್ಟು ಬಂದೆ ಎಂದು ಅವರು ಬಹಳ ಹಿಂದೆಯೇ ನನಗೆ ಹೇಳಿದ್ದರು.

ಮುಚ್ಚಳ ಬಿಗಿಯಾಗಿತ್ತು. ಸೆರಗಿನಿಂದ ಹಿಡಿದು ತಿರುವಿದೆ. ಮೊದಲು ಬಂದದ್ದು ಗ್ರೀಸಿನ ವಾಸನೆ, ಹಳೆಯದು, ಸ್ವಲ್ಪ ಹುಳಿಹುಳಿ. ಒಳಗೆ ಸುಣ್ಣ ಇರಲಿಲ್ಲ. ಕೆಂಪು ನೂಲಿನ ಎರಡು ತುಂಡುಗಳಿದ್ದವು, ಒಂದೇ ಎಳೆ ನಡುವೆ ಹರಿದಂಥವು. ಅವುಗಳ ಕೆಳಗೆ ಕಡಲೆಕಾಳಿನಷ್ಟು ಕರಿಮಣ್ಣಿನ ಹೆಂಟೆ, ಒಣಗಿ ಕಲ್ಲಿನಂತಾಗಿತ್ತು.

ಆ ನೂಲೂ ಆ ಮಣ್ಣೂ ಅಲ್ಲಿ ಇರಬಾರದಿತ್ತು. ಅವನ್ನು ನಾನು ಕೊನೆಯ ಸಲ ಕಂಡದ್ದು ಮಿಸ್ತ್ರಿಯ ಅಂಗಿಯ ಜೇಬಿಗೆ ಹೋದಾಗ...

ಮಿಸ್ತ್ರಿ ಎಂದರೆ ಗಜೇಂದ್ರಗಡದಲ್ಲಿ ಆಗ ಅವರೊಬ್ಬರೇ. ಗ್ಯಾರೇಜುಗಳು ಇನ್ನೂ ಮೂರು ನಾಲ್ಕಿದ್ದವು, ಆದರೆ ಬರೀ 'ಮಿಸ್ತ್ರಿ' ಎಂದು ಹೇಳಿದರೆ ಬಸ್‌ಸ್ಟ್ಯಾಂಡಿನಿಂದ ರೋಣದ ಕಡೆಗೆ ಹೋಗುವ ರಸ್ತೆಯಲ್ಲಿ, ಹುಣಸೆಮರದ ಕೆಳಗಿದ್ದ ತಗಡಿನ ಶೆಡ್ಡನ್ನೇ ಜನ ತೋರಿಸುತ್ತಿದ್ದರು. ಬೋರ್ಡು ಇರಲಿಲ್ಲ. ಅರವತ್ತು ದಾಟಿದ, ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿದ, ತೆಳ್ಳಗಿನ ಮನುಷ್ಯ. ತಲೆಯ ಮೇಲೆ ಬಿಳಿ ಟೋಪಿ, ಅದಕ್ಕೊಂದು ಎಣ್ಣೆಯ ಬೆರಳಚ್ಚು. ಅವರ ಅಪ್ಪ ಸೀರೆ ನೇಯುತ್ತಿದ್ದರು, ಇವರೂ ಮದುವೆಯಾಗುವ ತನಕ ನೇಯ್ದವರು. ಮಗ್ಗ ನಿಂತ ಮೇಲೆ ಲಾರಿಗಳ ಜೊತೆ ಹೋಗಿ ಈ ಕೆಲಸ ಕಲಿತಿದ್ದರು. ಶೆಡ್ಡಿನ ನಡುವೆ ಕಾರಿನ ಹೊಟ್ಟೆ ನೋಡಲು ತೋಡಿದ ಕುಣಿ ಇತ್ತು. "ನಮ್ಮಪ್ಪ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕೆಳಗ ನೋಡಕೋತ ಹ್ವಾದ, ನಾ ಕುಣ್ಯಾಗ ನಿಂತು ಮ್ಯಾಲ ನೋಡಕೋತ ಹೊಂಟೀನಿ. ಕುಣಿ ಅಂತೂ ತಪ್ಪಲಿಲ್ಲ," ಎನ್ನುತ್ತಿದ್ದರು.

ನಾವು ಅವರ ಬಳಿ ಹೋದದ್ದು ಒಂದು ಸಪ್ಪಳಕ್ಕಾಗಿ. ಅದಕ್ಕೆ ಮುಂಚಿನ ಅಪಘಾತವನ್ನು ಮೊದಲು ಹೇಳಬೇಕು. ನಾನು ಕಂಡಷ್ಟನ್ನೇ ಹೇಳುತ್ತೇನೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಎಳ್ಳಮಾವಾಸ್ಯೆ ಮುಗಿದ ಮುಂದಿನ ವಾರ, ನರಗುಂದದ ನಾದಿನಿಯ ಮನೆಯಲ್ಲಿ ತೊಟ್ಟಿಲ ಕಾರ್ಯ ಮುಗಿಸಿಕೊಂಡು ಕಾರಿನಲ್ಲಿ ವಾಪಸು ಬರುತ್ತಿದ್ದೆವು. ನಮ್ಮ ಮನೆಯವರು ಓಡಿಸುತ್ತಿದ್ದರು. ಅತ್ತೆಗೆ ಮೊಣಕಾಲಿನ ನೋವಿದ್ದುದರಿಂದ ಯಾವಾಗಲೂ ಮುಂದಿನ ಎಡಗಡೆಯ ಸೀಟು ಅವರದು. ನಾನು ಅವರ ಬೆನ್ನ ಹಿಂದೆ. ಓದುತ್ತಿದ್ದ ಮಗ ಹಾಸ್ಟೆಲ್ಲಿನಲ್ಲಿದ್ದ. ರೋಣ ದಾಟಿ ಬಹಳ ಹೊತ್ತಾಗಿರಲಿಲ್ಲ. ಹೊತ್ತು ಇಳಿಯುತ್ತಿತ್ತು, ಬಿಸಿಲು ನಮ್ಮ ಬೆನ್ನಿಗಿತ್ತು. ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ರಸ್ತೆ ನೇರವಾಗಿತ್ತು, ಎದುರಿಗೆ ಯಾರೂ ಇರಲಿಲ್ಲ. ಅತ್ತೆ ಎಲೆಗೆ ಸುಣ್ಣ ಹಚ್ಚಲು ಡಬ್ಬಿ ತೆರೆಯುತ್ತಿದ್ದರು. ಕಾರು ಎಡಕ್ಕೆ ಸರಿಯಿತು. ಜೋರಾಗಿ ಅಲ್ಲ, ಯಾರೋ ಕೈಹಿಡಿದು ಪಕ್ಕಕ್ಕೆ ಕರೆದುಕೊಂಡಂತೆ. ಬೇವಿನ ಗಿಡ ದೊಡ್ಡದಾಗುತ್ತ ಬಂತು. ಆಮೇಲೆ ಎಲ್ಲ ನಿಂತು, ಕಾರಿನ ಮೂತಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

ನನಗೂ ನಮ್ಮ ಮನೆಯವರಿಗೂ ತರಚಿದ ಗಾಯಗಳಷ್ಟೇ. ಅತ್ತೆ ಮೂರನೆಯ ದಿನ ಗದಗಿನ ದವಾಖಾನೆಯಲ್ಲಿ ತೀರಿಕೊಂಡರು.

ಮಧ್ಯಾಹ್ನ ಹೋಳಿಗೆ ಊಟವಾಗಿತ್ತು. ಕೇಳಿದವರಿಗೆಲ್ಲ ನಮ್ಮ ಮನೆಯವರು ಒಂದೇ ಮಾತು ಹೇಳಿದರು: "ನನಗ ನಿದ್ದಿ ಹತ್ತಿತ್ತು. ನನ್ನ ಕೈಯಾರೆ ಅವ್ವನ ಕಳಕೊಂಡೆ." ಅವರ ಕಣ್ಣು ಮುಚ್ಚಿತ್ತೋ ತೆರೆದಿತ್ತೋ ನಾನು ಕಂಡಿರಲಿಲ್ಲ. ಹಿಂದಿನ ಸೀಟಿನಿಂದ ಅವರ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಹೌದು ಎನ್ನಲೂ ಅಲ್ಲ ಎನ್ನಲೂ ನನ್ನಿಂದ ಆಗಲಿಲ್ಲ.

ಕಾರನ್ನು ಹುಬ್ಬಳ್ಳಿಯಲ್ಲಿ ಯಾರೋ ರಿಪೇರಿ ಮಾಡಿಕೊಟ್ಟರು. ತಿಂಗಳಾದ ಮೇಲೆ ಮರಳಿ ಬಂದಾಗ ಏನೂ ಆಗೇ ಇಲ್ಲವೆಂಬಂತೆ ಹೊಳೆಯುತ್ತಿತ್ತು. ಮಾರಿಬಿಡಿ ಎಂದು ಎಲ್ಲರೂ ಹೇಳಿದರು. "ತಪ್ಪು ಗಾಡಿದಲ್ಲ," ಎಂದು ನಮ್ಮ ಮನೆಯವರು ಕೇಳಲಿಲ್ಲ. ನಾನು ರಾಜೂರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಪುಸ್ತಕ-ಪಾಟಿಯ ಅಂಗಡಿ. ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಟ್ಟು ಬಂದು ಅಂಗಡಿ ತೆರೆಯುತ್ತಿದ್ದರು, ಸಂಜೆ ಕರೆದುಕೊಂಡು ಬರುತ್ತಿದ್ದರು. ಈಗ ಎಡಗಡೆಯ ಸೀಟು ನನ್ನದಾಯಿತು. ಅವರು ಗಲ್ಲದಲ್ಲಿ ಎರಡು ಲವಂಗ ಇಟ್ಟುಕೊಂಡೇ ಕಾರು ಹತ್ತುತ್ತಿದ್ದರು. "ರಸ್ತಾ ನೋಡಬ್ಯಾಡ, ನನ್ನ ಕಣ್ಣ ನೋಡ್ಕೋತ ಕೂಡು. ಮುಚ್ಚಿದ್ರ ಹೊಡಿ," ಎನ್ನುತ್ತಿದ್ದರು. ರಾಜೂರಿನ ತನಕ ನಾನು ಪಕ್ಕಕ್ಕೆ ತಿರುಗಿ, ಗಂಡನ ರೆಪ್ಪೆಗಳನ್ನು ನೋಡುತ್ತ, ಏನಾದರೊಂದು ಮಾತಾಡುತ್ತ ಕೂರಬೇಕಿತ್ತು. ಕೆಂಪಾಗಿದ್ದ ಆ ಕಣ್ಣುಗಳು ಎಂದೂ ಮುಚ್ಚಲಿಲ್ಲ. ಮನೆಯಲ್ಲಿ ರಾತ್ರಿಯೂ ಮುಚ್ಚುತ್ತಿರಲಿಲ್ಲ.

ಮೂರನೆಯ ವಾರವಿರಬೇಕು, ಮಾತು ನಿಂತ ಒಂದು ಗಳಿಗೆಯಲ್ಲಿ ನನಗೆ ಆ ಸಪ್ಪಳ ಕೇಳಿಸಿತು. ನನ್ನ ಎಡಗಡೆ, ಕೆಳಗೆ. ಒಮ್ಮೆ ಟಣ್ ಎಂದಿತು. ತಿರುವಿನಲ್ಲಿ ತಗ್ಗು ಬಂದಾಗ ಕಟಕ್. ಮಾರನೆಯ ದಿನವೂ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ. ಹೇಳಿದಾಗ, "ಅವ್ವ ಬೈತಿರಬೇಕು," ಎಂದರು. ನಗುತ್ತಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ನೆರೆಮನೆಯಾಕೆ ಒಂದು ದಿನ ಓಣಿಯಲ್ಲಿ ತಡೆದು, "ನಿಮ್ಮತ್ತಿ ಜೀವ ಆ ಸೀಟ ಬಿಟ್ಟಿಲ್ಲವ್ವ. ಅಕಿ ಜಾಗಾದಾಗ ನೀ ಕುಂತಿ, ಅದಕ್ಕ ಸಪ್ಪಳ ಮಾಡ್ತಾಳ. ಎಲಿ ಅಡಿಕಿ ಇಟ್ಟ ಕೂಡು," ಎಂದಳು. ನಮ್ಮ ಮನೆಯವರು ಎಲೆ ಅಡಿಕೆ ಇಟ್ಟರು. ಇಟಗಿಯ ಗುಡಿಯಿಂದ ವಿಭೂತಿ ತಂದು ಆ ಸೀಟಿನ ಬೆನ್ನಿಗೆ ಹಚ್ಚಿದರು. ಸಪ್ಪಳ ನಿಲ್ಲಲಿಲ್ಲ. ಮನೆಯಲ್ಲಿ ಅದರ ಮಾತು ನಿಂತಿತು, ಅಷ್ಟೆ. ಒಂದು ಭಾನುವಾರ ನಾನೇ ಹಟ ಹಿಡಿದೆ. ಮಿಸ್ತ್ರಿಗೆ ತೋರಿಸದೆ ಇನ್ನು ಕಾರು ಹತ್ತುವುದಿಲ್ಲ ಎಂದೆ.

ಮಿಸ್ತ್ರಿ ಬಾನೆಟ್ಟು ತೆಗೆಯಲಿಲ್ಲ. ಮೊದಲು ಕೇಳಿದ್ದು, "ಸಪ್ಪಳ ಯಾರಿಗೆ ಕೇಳತೈತಿ?"

"ನನಗೇನ ಕೇಳಂಗಿಲ್ಲ. ಈಕಿಗೆ," ಎಂದರು ನಮ್ಮ ಮನೆಯವರು. "ಬಹುಶಃ ಎಡಗಡೆ..."

"ಸಾವ್ಕಾರ್ರ, ಜ್ವರ ಬಂದದ್ದು ಅಕ್ಕಾರಿಗೆ, ನಾಲಿಗಿ ನೀವು ತೋರಿಸಿದ್ರ ಹ್ಯಾಂಗ? ಕೂಡ್ರಿ." ಅವರಿಗೊಂದು ಹಳೆಯ ಟೈರು ತೋರಿಸಿ ಮಿಸ್ತ್ರಿ ನನ್ನ ಕಡೆ ತಿರುಗಿದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕಾರು ಎಂದೇ ಕರೆಯುವುದು. "ಬಾಯಿಲೆ ಮಾಡಿ ತೋರಸ್ರಿ."

ಅದು ಅವರ ಪದ್ಧತಿ. ಸಪ್ಪಳವನ್ನು ಮಾತಿನಲ್ಲಿ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಕೇಳಿದವರು ಬಾಯಿಂದಲೇ ಆ ಸಪ್ಪಳ ಮಾಡಿ ತೋರಿಸಬೇಕು. ಎದುರಿಗೇ ಚಹಾದಂಗಡಿ, ಬೆಂಚಿನ ಮೇಲೆ ನಾಲ್ಕು ಮಂದಿ. ನಾನು ಬೆಂಚಿನ ಕಡೆ ನೋಡಿ ಸೆರಗು ಸರಿಮಾಡಿಕೊಂಡೆ.

"ಸಾಲ್ಯಾಗ ದಿನಾ ಕಾಗಿ ಗುಬ್ಬಿ ಕೂಗಿ ತೋರಸ್ತೀರಿ. ನಾನೂ ಒಂದನೇ ಕ್ಲಾಸಿನ್ಯಾಗ ಕುಂತೀನಿ ಅಂತ ತಿಳಕೋರಿ."

"ಟಣ್..." ಎಂದೆ. ಸ್ವಲ್ಪ ತಡೆದು, "ಕಟಕ್."

"ಅಕ್ಕಾರಿಗೆ ಯಾರರ ಗೇರ್ ಹಾಕ್ರಪಾ," ಎಂದು ಬೆಂಚಿನ ಮೇಲಿದ್ದವನೊಬ್ಬ ನಕ್ಕ.

ಮಿಸ್ತ್ರಿ ತಿರುಗಿಯೂ ನೋಡದೆ, "ಹ್ವಾದ ವಾರ ನಿನ್ನ ಫಟಫಟಿ ಕೂಗಿದಾಗ ನೀ ಅಳಕೋತ ಬಂದಿದ್ದಿ. ನಾ ನಕ್ಕಿದ್ನೇನ?" ಎಂದರು. ಆಮೇಲೆ ನನ್ನನ್ನು ಕೇಳಿದರು: "ಕಟಕ್ ಅಂತೈತಲ್ಲ, ಅದು ಹ್ಯಾಂಗ? ಕಬ್ಬಿಣ ಕಬ್ಬಿಣಕ್ಕ ಬಡದಂಗೋ?"

ನಾನು ಯೋಚಿಸಿದೆ. "ಇಲ್ಲ. ಮಗ್ಗದಾಗ ಲಾಳಿ ಓಡಿ ಹೋಗಿ ಗೂಡಿಗೆ ಬಡೀತೈತಲ್ಲ, ಹಂಗ. ಗೂಡ ಸಡ್ಲಾಗಿದ್ದಾಗ ಎರಡ ಸಲ ಬಡದಂಗ ಕೇಳತೈತಿ ನೋಡ್ರಿ..."

ಅವರು ತಲೆಯೆತ್ತಿದರು. "ಯಾರ ಮಗಳವ್ವಾ ನೀ?"

ನಮ್ಮಪ್ಪನೂ ನೇಕಾರನೇ. ಯಾವ ಓಣಿ, ಎಷ್ಟು ಮಗ್ಗ ಎಂದು ಹೇಳಿದೆ. ಮಿಸ್ತ್ರಿ ಕಣ್ಣು ಮುಚ್ಚಿ ಇನ್ನೊಮ್ಮೆ ಮಾಡಿಸಿದರು, ಮತ್ತೊಮ್ಮೆ ಮಾಡಿಸಿದರು. ಆಮೇಲೆ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಚೀಲದಿಂದ ಕೆಂಪು ನೂಲಿನ ಲಡಿ ತೆಗೆದರು.

ಕಾರಿನ ಕೆಳಗೆ, ಒಂದರಿಂದೊಂದು ಎಂದೂ ಅಲುಗಬಾರದ ಎರಡೆರಡು ಜಾಗಗಳ ನಡುವೆ ಅವರು ಒಂದೊಂದು ಎಳೆಯನ್ನು ಬಿಗಿಯಾಗಿ ಕಟ್ಟಿದರು. ಏಳು ಕಡೆ. ಒಂದು ಸುತ್ತು ಓಡಿಸಿ ಬಂದಾಗ ಯಾವ ಎಳೆ ಹರಿದಿರುತ್ತದೋ ಅಲ್ಲಿ ಸಡಿಲಾಗಿದೆ ಎಂದು ಅರ್ಥ. ಮಗ್ಗದ ಮುಂದೆ ಬೆಳೆದ ಮನುಷ್ಯನಿಗೆ ಹರಿದ ಎಳೆ ಹುಡುಕುವುದು ಉಸಿರಾಡಿದಷ್ಟೇ ಸಹಜ. ಅವರು ಕುಣಿಯಲ್ಲಿ ನಿಂತು ಕಟ್ಟುತ್ತಿದ್ದಾಗ ನಾನು ಅಂಚಿನಲ್ಲಿ ಕುಕ್ಕರಿಸಿ ಮೆಲ್ಲಗೆ ಕೇಳಿದೆ.

"ಕಾಕಾ, ನಮ್ಮತ್ತಿ ಜೀವ ಆ ಸೀಟಿನ್ಯಾಗ ಐತಿ ಅಂತಾರ. ಖರೇ ಇರಬಹುದೇನ?"

ಅವರು ಗಂಟು ಬಿಗಿಯುವುದನ್ನು ಮುಗಿಸಿ ಹೇಳಿದರು. "ಸತ್ತವ್ರು ಸಪ್ಪಳ ಮಾಡೂದಿಲ್ಲವ್ವಾ. ಸಡ್ಲಾದದ್ದು ಮಾಡತೈತಿ."

ರಾಜೂರಿನ ತನಕ ಹೋಗಿ ಬಂದೆವು. ನಮ್ಮ ಮನೆಯವರು ಓಡಿಸಿದರು, ನಾನು ಎಡಕ್ಕೆ, ಮಿಸ್ತ್ರಿ ನನ್ನ ಹಿಂದೆ. ಆ ವಾರವೇ ರಸ್ತೆಗೆ ಹೊಸ ಡಾಂಬರು ಹಾಕಿದ್ದರು. ಕಾರು ಎಣ್ಣೆಯ ಮೇಲೆ ಜಾರಿದಂತೆ ಹೋಯಿತು. ಊರ ಮುಂದಿನ ಉಬ್ಬು ದಾಟುವಾಗ ಒಮ್ಮೆ ಟಣ್ ಎಂದದ್ದು ಬಿಟ್ಟರೆ ಏನೂ ಇಲ್ಲ. ಆ ಟಣ್ ಮಿಸ್ತ್ರಿಗೂ ಕೇಳಿಸಿತು. ಶೆಡ್ಡಿಗೆ ಬಂದು ನೋಡಿದರೆ ಏಳಕ್ಕೆ ಏಳೂ ಎಳೆಗಳು ಹಾಗೇ ಇದ್ದವು. ಮಿಸ್ತ್ರಿ ಎಡಗಡೆಯ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಹೋಗಿ ಒಂದು ಕಡೆ ನಿಂತರು. ಒಳಗಿನ ರಟ್ಟು ಬಿಚ್ಚಿ, ಪೊಳ್ಳಿನಲ್ಲಿ ಕೈಯಿಳಿಬಿಟ್ಟು, ತೆಗೆದರು.

ಸುಣ್ಣದ ಡಬ್ಬಿ. ಅಪಘಾತದಲ್ಲಿ ಬಾಗಿಲ ರಟ್ಟು ಬಾಯಿಬಿಟ್ಟಾಗ ಒಳಗೆ ಬಿದ್ದಿತ್ತು. ರಿಪೇರಿ ಮಾಡಿದವರು ನೋಡದೆ ಮುಚ್ಚಿದ್ದರು.

ನಮ್ಮ ಮನೆಯವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಟೈರಿನ ಮೇಲೆ ಕುಳಿತು ಅತ್ತರು. ಅತ್ತೆ ತೀರಿಕೊಂಡ ಮೇಲೆ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನೂ ಅತ್ತುಬಿಟ್ಟೆ. ಚಹಾದಂಗಡಿಯವರು ಎದ್ದು ಬಂದು ಸುತ್ತ ನಿಂತರು. ಗ್ರೀಸು ಹತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಿಸ್ತ್ರಿ ಸ್ವಲ್ಪ ಹೊತ್ತು ನಿಂತು, ಕುಣಿಗಿಳಿದು ಎಳೆಗಳನ್ನು ಕತ್ತರಿಸತೊಡಗಿದರು. ಆರನ್ನು ಕತ್ತರಿಸಿ ಮೇಲೆ ಬಂದರು.

"ಒಂದ ಉಳೀತಲ್ಲರಿ," ಎಂದರು ನಮ್ಮ ಮನೆಯವರು, ಮುಖ ಒರೆಸಿಕೊಳ್ಳುತ್ತ.

"ಇರಲಿ. ಮಗ್ಗ ಪೂರಾ ಬರಿದು ಮಾಡಬಾರದ್ರಿ. ಒಂದ ಎಳಿ ಇರಬೇಕು."

ಅದು ನಿಜ. ಸೀರೆ ಕೊಯ್ದು ತೆಗೆದಾಗ ಹಳೆಯ ಹಾಸಿನ, ಎಂದರೆ ಉದ್ದನೆಯ ಎಳೆಗಳ, ತುದಿಯನ್ನು ಮಗ್ಗದಲ್ಲೇ ಉಳಿಸುತ್ತಾರೆ, ಹೊಸ ಹಾಸನ್ನು ಅದಕ್ಕೇ ಗಂಟು ಹಾಕುತ್ತಾರೆ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದ. ಆದರೆ ನಾನು ಬಗ್ಗಿ ನೋಡಿದೆ. ಉಳಿದ ಎಳೆ ಮುಂದಿನ ಎಡಗಾಲಿಯ ಹಿಂದೆ ಇತ್ತು. ಗಾಲಿಯನ್ನು ಹಿಡಿದ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಬುಡ, ಹೊಸ ಕರಿಬಣ್ಣ ದಪ್ಪಗೆ ಬಳಿದ ಜಾಗ.

ಅಂದು ರಾತ್ರಿ ನಮ್ಮ ಮನೆಯವರು ನಿದ್ದೆ ಮಾಡಿದರು. ಎಲೆ ಅಡಿಕೆ ಇಡುವುದು ನಿಂತಿತು. ಡಬ್ಬಿಯನ್ನು ಮಲಪ್ರಭೆಗೆ ಬಿಟ್ಟು ಬರುತ್ತೇನೆ ಎಂದು ಒಂದು ದಿನ ಒಬ್ಬರೇ ಹೋಗಿ ಬಂದರು. ಯುಗಾದಿಗೆ ನರಗುಂದಕ್ಕೆ ಹೋಗಿ ತಂಗಿಯನ್ನೂ ಅವಳ ಮಕ್ಕಳನ್ನೂ ಕಾರಿನಲ್ಲೇ ಕರೆತರುವುದೆಂದು ನಿಶ್ಚಯವಾಯಿತು. ಮನೆ ಮತ್ತೆ ಮನೆಯಂತಾಯಿತು.

ಐದನೆಯ ದಿನ, ಊರೊಳಗಿನ ತಗ್ಗಿನಲ್ಲಿ, ನನಗೆ ಕಟಕ್ ಕೇಳಿಸಿತು.

ಹೇಳಲಿಲ್ಲ. ಈ ಲೆಕ್ಕವನ್ನು ನಾನು ಸರಿಯಾಗಿ ಕೊಡಬೇಕು: ಒಂಬತ್ತು ದಿನ ಹೇಳಲಿಲ್ಲ. ನಮ್ಮ ಮನೆಯವರು ನಿದ್ದೆ ಮಾಡುತ್ತಿದ್ದರು, ಊಟ ಮಾಡುತ್ತಿದ್ದರು. ಮತ್ತೆ ಸಪ್ಪಳ ಎಂದರೆ ಎಲ್ಲ ಮೊದಲಿನಿಂದ ಶುರುವಾಗುತ್ತಿತ್ತು, ನನ್ನ ತಲೆಯೇ ಸರಿಯಿಲ್ಲ ಎನ್ನುತ್ತಿದ್ದರು. ಹತ್ತನೆಯ ದಿನ ಶನಿವಾರ. ಮುಂಜಾನೆಯ ಶಾಲೆ, ನನ್ನನ್ನು ಬಿಟ್ಟು ಅವರು ಯಾರದೋ ಪುಸ್ತಕದ ಕಟ್ಟು ಕೊಡಲು ಊರೊಳಗೆ ನಡೆದು ಹೋದರು. ಕಾರು ಶಾಲೆಯ ಅಂಗಳದಲ್ಲಿತ್ತು. ನಾನು ನೆಲಕ್ಕೆ ಕೈಯೂರಿ ಎಡಗಾಲಿಯ ಹಿಂದೆ ನೋಡಿದೆ. ಕೆಂಪು ಎಳೆ ಹರಿದು ಎರಡು ತುದಿಗಳು ತೂಗುತ್ತಿದ್ದವು.

ನನಗೆ ಮೊದಲು ಬಂದದ್ದು ಸಮಾಧಾನ. ನನ್ನ ಕಿವಿ ಸರಿಯಾಗಿದೆ ಎಂಬ ಸಮಾಧಾನ... ಹೆದರಿಕೆ ಆಮೇಲೆ ಬಂತು.

ಅವರು ಬಂದೊಡನೆ, "ಮಿಸ್ತ್ರಿ ಬಿಟ್ಟ ಎಳಿ ಹರದೈತಿ," ಎಂದೆ. ಶಾಲೆಗೆ ರಜೆ ಹೇಳಿ ನಿಧಾನವಾಗಿ ಶೆಡ್ಡಿಗೆ ಬಂದೆವು. ನಮ್ಮ ಮನೆಯವರು ಅಂಗಡಿ ತೆರೆಯಲು ಹೋದರು, ನಾನು ಅಲ್ಲೇ ಉಳಿದೆ. ಮಿಸ್ತ್ರಿ ಕುಣಿಗಿಳಿದರು. ಕಬ್ಬಿಣ ಕೆರೆಯುವ ಸಪ್ಪಳ ಬಂತು, ನಿಂತಿತು. ಮೇಲೆ ಬಂದಾಗ ಅವರ ಮುಖ ಬೇರೆಯಾಗಿತ್ತು.

"ತಪ್ಪಾತವ್ವಾ. ಒಂದ ಸಪ್ಪಳ ಸಿಕ್ಕಿತು, ಎಲ್ಲಾರೂ ಅತ್ರಿ, ನಾನೂ ಕಿವಿ ಮುಚ್ಚಿಬಿಟ್ಟೆ. ನೀ ಎರಡ ಸಪ್ಪಳ ಮಾಡಿ ತೋರ್ಸಿದ್ದಿ. ಹೊಸಾ ರಸ್ತಾದ ಮ್ಯಾಲ ಓಡಿಸಿ ನಾ ಸುಮ್ಮಾದೆ." ಕೈಬ್ಯಾಟರಿ ಎತ್ತಿಕೊಂಡು, "ಇಳದು ನೋಡವ್ವಾ," ಎಂದರು.

ಸೀರೆಯ ನೆರಿಗೆ ಎತ್ತಿ ಹಿಡಿದು ನಾಲ್ಕು ಮೆಟ್ಟಿಲು ಇಳಿದೆ. ಅವರು ಬ್ಯಾಟರಿಯ ಬೆಳಕು ಹಿಡಿದರು. ಆ ಬುಡದಲ್ಲಿ ಕರಿಬಣ್ಣ ಕೆರೆದು ಹೋಗಿತ್ತು. ಬಣ್ಣದ ಕೆಳಗೆ ಬೆಸುಗೆ, ಬೆಸುಗೆ ಬಿರಿದು ಒಂದು ಸೀಳು, ಬೆರಳಿನಷ್ಟು ಉದ್ದ. ಒಂದು ದಬ್ಬಣದಿಂದ ಸೀಳಿನ ಒಳಗಿನಿಂದ ಅವರು ಏನನ್ನೋ ಎಬ್ಬಿಸಿ ನನ್ನ ಅಂಗೈ ಮೇಲೆ ಹಾಕಿದರು.

"ಏನ ಇದು?"

"ಎರಿ ಮಣ್ಣ," ಎಂದೆ. ಹೊಲದ ಕರಿಮಣ್ಣು.

"ಹಸಿ ಇದ್ದಾಗ ಒಳಗ ಹೊಕ್ಕದ್ದು. ಒಣಗಿ ಕಲ್ಲಾಗೈತಿ. ಅವ್ರು ಒಳಗ ಸ್ವಚ್ಛ ಮಾಡಲಾರದ ಮ್ಯಾಲ ಬೆಸದು ಬಣ್ಣ ಬಳದಾರ. ಅಪಘಾತ ಆದಾಗ ಮಳಿ ಇತ್ತೇನ?"

"ಇಲ್ಲ. ಎಳ್ಳಮಾಸಿ ಆದ ಮುಂದಿನ ವಾರ."

"ಹಂಗಾದ್ರ ಗಿಡಕ್ಕ ಬಡಿಯೂಕಿಂತ ಮೊದ್ಲ ಇದು ಸೀಳಿತ್ತು. ಅವತ್ತ ಪೂರಾ ಬಿಟ್ಟೈತಿ, ಗಾಲಿ ಎಡಕ್ಕ ಎಳದೈತಿ. ಸಾವ್ಕಾರ್ರು ನಿದ್ದಿ ಮಾಡ್ಯಾರೋ ಇಲ್ಲೋ, ಎಚ್ಚರ ಇದ್ರೂ ಗಾಡಿ ಆ ಗಿಡಕ್ಕ ಹೋಗತಿತ್ತು." ಬ್ಯಾಟರಿ ಆರಿಸಿದರು. "ಮಳಿಗಾಲದಾಗ ಗಾಡಿ ಎಲ್ಲೆರ ಎರಿಯಾಗ ಸಿಕ್ಕಿತ್ತೇನ?"

ಸಿಕ್ಕಿತ್ತು. ಶ್ರಾವಣದಲ್ಲಿ ಅತ್ತೆಯ ಆಸೆಗೆ ಇಟಗಿಗೆ ಹೋದಾಗ, ಹೊಲದ ದಾರಿಯಲ್ಲಿ ಗಾಲಿ ಅರ್ಧ ಹೂತು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದ್ದೆವು.

"ಆಮ್ಯಾಲ ಯಾರಿಗೂ ಸಪ್ಪಳ ಕೇಳಿರಲಿಲ್ಲೇನ?"

ಎಲ್ಲ ಒಂದೇ ಸಲ ನೆನಪಾಯಿತು. ಇಟಗಿಯಿಂದ ಬಂದ ಮೇಲೆ ಅತ್ತೆ ಎರಡು ಮೂರು ಸಲ ಹೇಳಿದ್ದರು, ತಮ್ಮ ಸೀಟಿನಿಂದ ಹಿಂದಕ್ಕೆ ತಿರುಗಿ, "ಇಲ್ಲೇ ಕೆಳಗ ಕಟಕ್ ಕಟಕ್ ಅಂತೈತಿ ನೋಡ್ರೋ," ಎಂದು. ನಾನು ಹೇಳಿದ್ದೆ: "ಅತ್ತಿ, ಅದು ಗಾಡಿದಲ್ಲ, ನಿಮ್ಮ ಮೊಣಕಾಲಿಂದು." ನಮ್ಮ ಮನೆಯವರು ಸ್ಟಿಯರಿಂಗ್ ಬಡಿದು ನಕ್ಕಿದ್ದರು. ಅತ್ತೆಯೂ ನಕ್ಕಿದ್ದರು. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಇದನ್ನು ಹಾಗೇ ಮಿಸ್ತ್ರಿಗೆ ಹೇಳಿದೆ. ಕುಣಿಯಲ್ಲಿ ಸೀಮೆಎಣ್ಣೆಯ ವಾಸನೆ ಇತ್ತು. ನಿನ್ನ ತಪ್ಪಲ್ಲ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನಾನು ಅವರನ್ನು ಇಷ್ಟು ವರ್ಷ ನೆನೆಯುತ್ತಿದ್ದೆನೋ ಇಲ್ಲವೋ. ನನ್ನ ಅಂಗೈಯ ಹೆಂಟೆಯನ್ನು ತೆಗೆದುಕೊಂಡರು, ಹರಿದ ಎಳೆಯ ಎರಡು ತುಂಡುಗಳನ್ನೂ ಬಿಚ್ಚಿದರು, ಎಲ್ಲವನ್ನೂ ಪೇಪರಿನ ಚೂರಿನಲ್ಲಿ ಮಡಚಿ ಅಂಗಿಯ ಜೇಬಿಗೆ ಹಾಕಿದರು. ಆಮೇಲೆ ಸೀಮೆಎಣ್ಣೆಯ ಅರಿವೆಯಿಂದ ಸೀಳನ್ನು ಒರೆಸಿದರು, ಮಣ್ಣಿನ ಗುರುತೂ ಉಳಿಯದಂತೆ.

"ಅವರಿಗೆ ಏನ ಹೇಳೂದು ಕಾಕಾ?"

"ನಿನ್ನ ಮನಿಯವ್ವಾ ಅದು. ನೀನ ಹೇಳಬೇಕು. ಹೇಳ್ತಿದ್ರ ಹೇಳು."

ಮಧ್ಯಾಹ್ನ ನಮ್ಮ ಮನೆಯವರು ಬಂದರು. ನಾನು ಪಕ್ಕಕ್ಕೆ ಸರಿದು ನಿಂತೆ. ಮಿಸ್ತ್ರಿ ಒಂದೆರಡು ಗಳಿಗೆ ಕಾದರು. ಆಮೇಲೆ ತಾವೇ ಅವರನ್ನು ಕುಣಿಗಿಳಿಸಿ ಸೀಳು ತೋರಿಸಿ ಹೇಳಿದರು.

"ಸಾವ್ಕಾರ್ರ, ನೀವು ಅವತ್ತ ನಿದ್ದಿ ಮಾಡಿಲ್ಲರಿ. ಇದು ಬಿಟ್ಟಿತ್ತು. ಗಾಡೀನ ಎಡಕ್ಕ ಎಳೀತು."

ಅವರು ಆ ಸೀಳನ್ನು ಮುಟ್ಟಿದರು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ನಾನು ಮೇಲೆ ನಿಂತಿದ್ದೆ, ಈ ಸಲವೂ ಅವರ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಕೊನೆಗೆ ಕೇಳಿದರು, "ಯಾವಾಗ ಬಿಟ್ಟಿದ್ದರಿ ಇದು? ಅವತ್ತೋ... ಮೊದ್ಲೋ?"

ಮಿಸ್ತ್ರಿ ತಲೆಯೆತ್ತಿ ನನ್ನನ್ನು ನೋಡಿದರು. ಅದು ನನಗೆ ಕೊಟ್ಟ ಅವಕಾಶ. ನಾನು ಸುಮ್ಮನಿದ್ದೆ.

"ಅದನ್ನ ಕಬ್ಬಿಣ ಹೇಳೂದಿಲ್ಲರಿ," ಎಂದರು.

ಕಬ್ಬಿಣ ಎಲ್ಲವನ್ನೂ ಹೇಳುತ್ತದೆ, ಕೇಳುವ ಕಿವಿ ಬೇಕು ಎಂದು ಊರಿಗೆಲ್ಲ ಹೇಳಿಕೊಂಡು ಬಂದ ಮನುಷ್ಯ.

ಆ ಬುಡವನ್ನು ಬಿಚ್ಚಿ, ಸ್ವಚ್ಛ ಮಾಡಿ, ಹೊಸ ಪಟ್ಟಿ ಇಟ್ಟು ತಮ್ಮ ಕೈಯಿಂದಲೇ ಬೆಸೆದುಕೊಟ್ಟರು. ಕಾರು ಇನ್ನೂ ಆರು ವರ್ಷ ಓಡಿತು, ಸಪ್ಪಳ ಮಾಡಲಿಲ್ಲ. ನಮ್ಮ ಮನೆಯವರು ಲವಂಗ ಬಿಟ್ಟರು. ನಾನು ಮತ್ತೆ ರಸ್ತೆಯ ಕಡೆ ಮುಖ ಮಾಡಿ ಕುಳಿತೆ. "ನನಗ ನಿದ್ದಿ ಹತ್ತಿತ್ತು" ಎಂಬ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ. ಅವರಿಗೆ ಅರ್ಧ ಸಿಕ್ಕಿತು, ಇನ್ನರ್ಧ ನನ್ನಲ್ಲಿ ಉಳಿಯಿತು ಎಂದು ನಾನು ತಿಳಿದಿದ್ದೆ. ಎಷ್ಟೋ ಸಲ ಹೇಳಬೇಕೆಂದು ಎದುರಿಗೆ ಕುಳಿತದ್ದಿದೆ. ಚಹಾ ಆರಿ ಹೋಗುತ್ತಿತ್ತು...

ಆಮೇಲೆ ಮಿಸ್ತ್ರಿ ಯಾರೇ ಬಂದರೂ ಒಂದು ಪ್ರಶ್ನೆ ಹೆಚ್ಚಾಗಿ ಕೇಳತೊಡಗಿದರಂತೆ: "ಇನ್ನೊಂದ ಸಪ್ಪಳ ಐತೇನ?" ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ನನ್ನನ್ನು ಕಂಡಾಗ ಕೈಯೆತ್ತಿ, "ಸಪ್ಪಳ?" ಎನ್ನುತ್ತಿದ್ದರು. "ಇಲ್ಲ ಕಾಕಾ," ಎನ್ನುತ್ತಿದ್ದೆ. ಅವರು ಕೇಳುತ್ತಿದ್ದದ್ದು ಕಾರಿನ ಸಪ್ಪಳವಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಕೊನೆಗೆ ಅವರ ಕಿವಿ ಮಂದವಾಯಿತು. ಜನ ಬಾಯಿಂದ ಮಾಡಿ ತೋರಿಸಿದ ಸಪ್ಪಳ ಕೇಳಿಸದೆ, ತುಟಿ ನೋಡಿ ಊಹಿಸುತ್ತಿದ್ದರು. ಆಮೇಲೆ ಶೆಡ್ಡಿನ ಬಾಗಿಲು ಹಾಕಿದರು. ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಹದಿನೈದು ದಿನ ತಡವಾಗಿ, ರೋಣದ ಬಸ್ಸಿನಲ್ಲಿ, ಪಕ್ಕದ ಸೀಟಿನವರ ಬಾಯಿಂದ. ಈಗ ಆ ಜಾಗದಲ್ಲಿ ಮೊಬೈಲಿನ ಅಂಗಡಿ ಇದೆ. ಕುಣಿಗೆ ಕಲ್ಲು ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿದ್ದಾರೆ. ಹುಣಸೆಮರ ಇಲ್ಲ.

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಂದು ಬಹಳ ಹೊತ್ತು ಕುಳಿತಿದ್ದೆ. ಈ ನೂಲೂ ಮಣ್ಣೂ ಮಿಸ್ತ್ರಿಯ ಜೇಬಿನಿಂದ ಇದರೊಳಗೆ ಬರಲು ಒಂದೇ ದಾರಿ. ನಮ್ಮ ಮನೆಯವರು ಒಬ್ಬರೇ ಶೆಡ್ಡಿಗೆ ಹೋಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದಾರೆ, ಎರಡನೆಯ ಸಲ ಮಿಸ್ತ್ರಿ ಸುಳ್ಳು ಹೇಳಿಲ್ಲ. ಯಾವಾಗ ಹೋದರೋ... ಮರುದಿನವೋ, ಮರುವರ್ಷವೋ. ಅವರಿಗೆ ಪೂರ್ತಿ ಗೊತ್ತಿತ್ತು. ಮೊಣಕಾಲಿನ ಮಾತು ಯಾರ ಬಾಯಿಂದ ಬಂದಿತ್ತು ಎಂಬುದಂತೂ ಮೊದಲೇ ಗೊತ್ತಿತ್ತು, ನಕ್ಕವರು ಅವರೇ ಅಲ್ಲವೆ. ಅವರಿಗೆ ನೋವಾದೀತೆಂದು ನಾನು ಸುಮ್ಮನಿದ್ದೆ. ನನಗೆ ನೋವಾದೀತೆಂದು ಅವರು ಸುಮ್ಮನಿದ್ದರು. ಎರಡು ಕಡೆಯ ಮೌನವನ್ನೂ ಜೇಬಿನಲ್ಲಿಟ್ಟುಕೊಂಡು ಮಿಸ್ತ್ರಿ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಕೈಯೆತ್ತುತ್ತಿದ್ದರು.

ಮೂರು ವರ್ಷದ ಹಿಂದೆ ನಾನು ಮೆಟ್ಟಿಲು ಹತ್ತುವಾಗ ಮೊಣಕಾಲು ಸದ್ದು ಮಾಡಿತೆಂದು ರಜೆಗೆ ಬಂದಿದ್ದ ಮೊಮ್ಮಗಳು ನಕ್ಕಾಗ, "ನಗಬ್ಯಾಡವಾ," ಎಂದಿದ್ದರು ಅವರು, ಬಹಳ ಮೆಲ್ಲಗೆ. ತಾಯಿಯ ನೆನಪಾಗಿರಬೇಕು ಎಂದುಕೊಂಡಿದ್ದೆ.

ಹೆಂಟೆಯನ್ನೂ ಎಳೆಯನ್ನೂ ಒಳಗಿಟ್ಟು ಮುಚ್ಚಳ ಬಿಗಿದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟೆ. ಈಗ ಹೇಳಿಕೊಳ್ಳಲು ಅತ್ತೆ, ಮಿಸ್ತ್ರಿ, ನಮ್ಮ ಮನೆಯವರು, ಮೂವರಲ್ಲಿ ಯಾರೂ ಇಲ್ಲ. ಸತ್ತವರು ಸಪ್ಪಳ ಮಾಡುವುದಿಲ್ಲ ಎಂದು ಮಿಸ್ತ್ರಿ ಹೇಳಿದ್ದು ಖರೇ, ಮನೆ ನಿಶ್ಶಬ್ದವಾಗಿದೆ. ಮೆಟ್ಟಿಲು ಹತ್ತುವಾಗ ಎಡ ಮೊಣಕಾಲು ಮಾತ್ರ ಕಟಕ್ ಎನ್ನುತ್ತದೆ. ಅಲ್ಲೇ ನಿಂತು, ಇನ್ನೊಂದು ಸಲ ಕೇಳುತ್ತೇನೆ.